ರೇಸಿನ ದೋಣಿ

"ಏಳಬ್ಯಾಡ. ಕುಂದ್ರು," ಎಂದ ಗುರಪ್ಪ.

ಮಲ್ಲಿಕಮ್ಮ ಏಳಲಿಲ್ಲ. ದೋಣಿಯ ಅಡ್ಡಹಲಗೆಯ ಮೇಲೆ ಉಡಿ ತುಂಬಿಸಿಕೊಂಡು ಕುಳಿತಿದ್ದ ಅವಳ ಪಾದಗಳು ಆಗಲೇ ಮುಳುಗಿದ್ದವು. ಮನೆಗೆ ಹೊಸ ಹರಿಗೋಲು ಬಂದರೆ ಮೊದಲು ಸೊಸೆ ಅದರಲ್ಲಿ ಕೂರಬೇಕು, ನಡುನೀರಿನಲ್ಲಿ ಉಡಿಯಕ್ಕಿಯನ್ನು ಗಂಗವ್ವನಿಗೆ ಬಿಡಬೇಕು, ಅಲ್ಲಿಯವರೆಗೆ ಏಳಬಾರದು. ಅದು ಆ ಹೊಳೆದಂಡೆಯವರ ಪದ್ಧತಿ. ಹರಿಗೋಲಿನ ಪದ್ಧತಿಯನ್ನೇ ಗುರಪ್ಪ ದೋಣಿಗೂ ಹಚ್ಚಿದ್ದ. ಹಲಗೆಗಳ ಸಂದಿನಿಂದ ನೀರು ಬುಳುಬುಳು ಏಳುತ್ತಿತ್ತು.

ಈ ದೋಣಿ ಬೇಡ ಎಂದವಳೂ ಅವಳೇ. ಕಾಲುವೆ ಕೆಲಸ ಮುಗಿದು ಕ್ಯಾಂಪು ಕೀಳುವಾಗ ಇಂಜಿನಿಯರ ಸಾಹೇಬರು ಇಬ್ಬರನ್ನು ಕರೆಸಿದ್ದರು: ವರ್ಷಗಟ್ಟಲೆ ತಮಗೆ ಮೀನು ತಂದುಕೊಟ್ಟ ಗುರಪ್ಪನನ್ನು, ಮತ್ತೆ ತಮ್ಮ ದೋಣಿಗಳನ್ನು ನೋಡಿಕೊಂಡಿದ್ದ ಅವನ ಕಾಕಾನ ಮಗ ಮರಿಲಿಂಗಪ್ಪನನ್ನು. ಎರಡು ಹಳೆಯ ದೋಣಿಗಳಿವೆ, ಆಳಿಗೊಂದು, ಹಿರಿಯವನು ಮೊದಲು ಆರಿಸಲಿ ಎಂದರು. ಒಂದು ಕಬ್ಬಿಣದ್ದು, ಅಗಲ ಹೊಟ್ಟೆಯದು, ತುಕ್ಕು ಹಿಡಿದದ್ದು. ಇನ್ನೊಂದು ಕಟ್ಟಿಗೆಯದು, ಸಣ್ಣ ನಡುವಿನದು. ಹೈದರಾಬಾದಿನ ಕೆರೆಯಲ್ಲಿ ಹಾಯಿ ಕಟ್ಟಿಕೊಂಡು ರೇಸು ಗೆದ್ದದ್ದು ಎಂದು ಸಾಹೇಬರು ಬಂದವರಿಗೆಲ್ಲ ಹೇಳುತ್ತಿದ್ದರು.

ಕಬ್ಬಿಣದ್ದನ್ನೇ ಹಿಡಿಯಿರಿ, ಸಂತೆಗೆ ಹೋಗುವವರನ್ನು ಆಡು ಕುರಿ ಸಮೇತ ದಾಟಿಸಬಹುದು ಎಂದು ಮಲ್ಲಿಕಮ್ಮ ಹೇಳಿದಳು. ಗುರಪ್ಪ ನಕ್ಕ. "ರೇಸಿನ ಕುದುರಿ ಬಿಟ್ಟು ಭಾರ ಹೊರೋ ಕತ್ತಿ ಹಿಡಿ ಅಂತೀಯೇನು?" ಎಂದ. ಗಂಡಸಿಗೆ ಒಮ್ಮೆ ಕುದುರೆಯ ಹುಚ್ಚು ಹಿಡಿದರೆ ಬಿಡಿಸುವ ಮಂತ್ರ ಇನ್ನೂ ಹುಟ್ಟಿಲ್ಲ.

ತಂದವನು ಅದನ್ನು ಹರಿಗೋಲಿನಂತೆಯೇ ಸಾಕಿದ. ಹರಿಗೋಲು ಅಂದರೆ ಬಿದಿರು, ಚೀಲ, ಡಾಂಬರು. ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ. ಕೆಲಸ ಮುಗಿದ ಕೂಡಲೇ ಹೊತ್ತು ತಂದು ಬಿಸಿಲಿಗೆ ಬೋರಲು ಹಾಕುವುದು ಅವನ ಅಜ್ಜನ ಕಾಲದ ರೂಢಿ. ದೋಣಿಯನ್ನೂ ಹಾಗೇ ಕಲ್ಲಿನ ಮೇಲೆ ಬೋರಲು ಹಾಕಿ, ಒಳ್ಳೆಯ ದಿನ ಬರಲೆಂದು ಬೇಸಿಗೆಯೆಲ್ಲ ಕಾದ. ಡಾಂಬರು ಬಳಿದರೆ ಬಣ್ಣ ಕೆಡುತ್ತದೆಂದು ಬಳಿಯಲಿಲ್ಲ. ಮರಿಲಿಂಗಪ್ಪ ದಿನಾ ಆ ದಾರಿಯಲ್ಲೇ ಹಾಯುತ್ತಿದ್ದ, ಬೀಡಿ ಹಚ್ಚಿಕೊಂಡು ದೋಣಿ ನೋಡುತ್ತಿದ್ದ, ಮುಂದೆ ಹೋಗುತ್ತಿದ್ದ.

ಈಗ ನೀರು ಮೊಣಕಾಲಿಗೆ ಬಂತು. ದಡದ ಮೇಲೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗುರಪ್ಪ ಹುಟ್ಟು ಹಾಕುತ್ತಲೇ ಇದ್ದ, ಹೆಂಡತಿಯ ಮುಖ ನೋಡಲಿಲ್ಲ. ಉಡಿಯ ಅಕ್ಕಿ ತಾನಾಗಿಯೇ ಚೆಲ್ಲಿ ದೋಣಿಯ ತುಂಬ ಹರಡಿತು. ದೋಣಿ ಎದೆಮಟ್ಟದ ನೀರಿನಲ್ಲಿ ಮುಳುಗಿ ಒಂದು ಕಡೆ ವಾಲಿದಾಗ ಮಲ್ಲಿಕಮ್ಮ ಏಳಲೇಬೇಕಾಯಿತು. ಒದ್ದೆ ಸೀರೆಯಲ್ಲಿ ಅಷ್ಟೂ ಜನರ ನಡುವೆ ಹತ್ತಿ ಬಂದಳು.

ಅತ್ತೆ ಸಾಯಬಮ್ಮ ದಡದಲ್ಲೇ ಕಾದಿದ್ದಳು.

"ಬಂಜಿ ಉಡಿ ಗಂಗವ್ವಗ ಬ್ಯಾಡಾಗ್ಯಾದ," ಎಂದಳು, ಎಲ್ಲರಿಗೂ ಕೇಳುವಂತೆ.

ನಗು ಥಟ್ಟನೆ ನಿಂತಿತು. ಮಲ್ಲಿಕಮ್ಮ ಗಂಡನ ಕಡೆ ನೋಡಿದಳು. ಅವನು ಒಂದು ಮಾತು ಆಡಬಹುದಿತ್ತು. ಆರಿಸಿದವನು ನಾನು, ಡಾಂಬರು ಬಳಿಯದೆ ಬಿಟ್ಟವನು ನಾನು ಅನ್ನಬಹುದಿತ್ತು. ಗುರಪ್ಪ ತಾಯಿಯ ಮಾತು ಕೇಳಿ ಉಸಿರು ಬಿಟ್ಟ. ಮುಖದ ಮೇಲಿನ ನಾಚಿಕೆ ಇಳಿದು ಅಲ್ಲಿ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ.

"ಹೌದು," ಎಂದ. "ಇಕಿ ಕಾಲಗುಣಾನೇ ಹಂತಾದ್ದು."

ದೋಣಿ ಅಲ್ಲೇ ಕೊಳೆಯಲಿ, ಬೇಕಾದವರು ಒಯ್ಯಲಿ ಎಂದು ಅವನು ಅತ್ತ ತಿರುಗಿಯೂ ನೋಡಲಿಲ್ಲ. ಮರುದಿನ ಮಲ್ಲಿಕಮ್ಮ ಬಟ್ಟೆ ಒಗೆಯಲು ಹೋದಾಗ ಮರಿಲಿಂಗಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಮುಳುಗಿದ ದೋಣಿಯೊಳಗೆ ಕಲ್ಲು ಹೇರುತ್ತಿದ್ದ. ಪೂರ್ತಿ ಹುಗಿಯುತ್ತಿದ್ದಾನೆ ಎಂದುಕೊಂಡಳು. ಮನೆಯಲ್ಲಿ ಆಗಲೇ ರಂಗಂಪೇಟೆಯ ಕಡೆ ಒಂದು ಹೆಣ್ಣಿದೆ ಎಂಬ ಮಾತು ನಡೆದಿತ್ತು. ಹದಿನೈದು ದಿನದಲ್ಲಿ ಸಾಯಬಮ್ಮ ಸೊಸೆಯ ಸೀರೆಗಳನ್ನು ತಾನೇ ಮಡಿಚಿ ಗಂಟು ಕಟ್ಟಿದಳು.

ತವರು ಆಚೆ ದಡದಲ್ಲಿತ್ತು. ಕಳಿಸಲು ಗುರಪ್ಪ ಬರಲಿಲ್ಲ; ತನ್ನ ಹರಿಗೋಲಿನಲ್ಲಿ ಅವಳನ್ನು ಕೂರಿಸುವುದು ಬೇಡವೆಂದು, ದಾಟಿಸಲು ಮರಿಲಿಂಗಪ್ಪನಿಗೆ ಹೇಳಿಕಳಿಸಿದ್ದ. ಗಂಟು ಹೊತ್ತು ಮಲ್ಲಿಕಮ್ಮ ಹೊಳೆಗೆ ಬಂದರೆ ಕಬ್ಬಿಣದ ದೋಣಿ ಸಂತೆಯ ಜನರನ್ನು ತುಂಬಿಕೊಂಡು ಹೊರಟಿತ್ತು, ಯಾರೋ ಕೂಲಿಯವನು ನಡೆಸುತ್ತಿದ್ದ. ಮರಿಲಿಂಗಪ್ಪ ಇನ್ನೊಂದರಲ್ಲಿ ಹುಟ್ಟು ಹಿಡಿದು ಕುಳಿತಿದ್ದ. ಅವಳಿಗೆ ಗುರುತು ಹತ್ತಿತು. ಅದೇ ಬಣ್ಣ, ಅದೇ ಸಣ್ಣ ನಡು.

"ಬರ್ರಿ ವೈನಿ, ಕುಂದ್ರಿ."

ಬೇರೆ ದಾರಿ ಇರಲಿಲ್ಲ. ಅದೇ ಅಡ್ಡಹಲಗೆಯ ಮೇಲೆ ಕುಳಿತಳು. ಹೊಳೆಯ ನಡುವಿಗೆ ಬಂದಾಗ ಕೇಳಿದಳು: "ಈಗ್ಯಾಕ ನೀರು ಬರವಲ್ದು?"

"ಕಟ್ಟಿಗಿ ಅಲ್ರಿ. ನೀರು ಕುಡದ್ರ ಉಬ್ಬಿ ಸಂದು ಮುಚ್ಚತಾದ, ಒಣಗಿದ್ರ ಬಿಡತಾದ. ಸಾಹೇಬರು ವರ್ಷಾ ಕಲ್ಲು ಹೇರಿ ಮುಳಗಿಸಿ ಇಡಸ್ತಿದ್ರು."

"ನಿನಗ ಅವತ್ತೂ ಗೊತ್ತಿತ್ತು."

"ಗೊತ್ತಿತ್ರಿ. ಅಣ್ಣ ಹ್ಯಾಂಗಂತ ನನ್ನ ಕೇಳಲಿಲ್ಲ."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ದೋಣಿ ನಿಜಕ್ಕೂ ಚುರುಕಾಗಿತ್ತು, ತವರಿನ ದಡ ಬೇಗ ಬೇಗ ಹತ್ತಿರ ಬರುತ್ತಿತ್ತು. ಮಲ್ಲಿಕಮ್ಮ ತಲೆ ತಗ್ಗಿಸಿದಳು. ಕಾಲ ಬಳಿ ಎರಡು ಹಲಗೆಗಳ ನಡುವೆ ಅವಳ ಉಡಿಯಕ್ಕಿಯ ಕಾಳೊಂದು ಸಿಕ್ಕಿಕೊಂಡಿತ್ತು. ಬಗ್ಗಿ ಉಗುರಿನಿಂದ ಎಬ್ಬಿಸಲು ನೋಡಿದಳು. ಹಲಗೆ ಬಿಗಿದುಕೊಂಡಿತ್ತು, ಕಾಳು ಬರಲಿಲ್ಲ. ದಡ ಮುಟ್ಟುವವರೆಗೂ ಅವಳು ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದೇ ಕುಳಿತಿದ್ದಳು. ಪಾದಗಳು ಒಣಗಿಯೇ ಇದ್ದವು.