ಕುಲ್ಸುಮ್ ಬೀಯ ಗಂಟಿನ ದಾರ

ಫರ್ಹೀನ್ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದದ್ದೇ ಒಂದು ಕಹಿ ಮಾತು ಹೇಳಿ ಹೋಗಲಿಕ್ಕೆ. ಟೇಲರ್ ಅಂಗಡಿಗಳು ಗಿರಾಕಿಗಳ ಅಳತೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಅವಳದೇ ಕೈಯ ಕೆಲಸ. ಇಷ್ಟು ದಿನ ಅದು ಅಂಗಡಿಯ ಕಂಪ್ಯೂಟರ್ ಬಿಟ್ಟು ಕದಲುತ್ತಿರಲಿಲ್ಲ. ಈಗ ಫೋನಿನಲ್ಲೂ ತೆರೆಯುವಂತೆ ವೆಬ್ಬಿಗೆ ಏರಿಸಬೇಕು. ಎಲ್ಲರದನ್ನೂ ಒಮ್ಮೆಲೇ ಏರಿಸಲು ಅವಳಿಗಿರುವುದು ಎರಡೇ ಕೈ. ಹುಮನಾಬಾದಿನಲ್ಲಿ ಮೂರು ಅಂಗಡಿ ನಡೆಸುವ ಮಹಾರುದ್ರಪ್ಪ, "ಮೊದಲ ನಮ್ದು ಆಗಬೇಕು ನೋಡವ್ವಾ. ಇಲ್ಲಂದ್ರ ಬ್ಯಾರೆಯವರನ್ನ ನೋಡ್ಕೋತೀನಿ" ಎಂದುಬಿಟ್ಟಿದ್ದ. ಅವಳ ಮನೆಯ ಒಲೆ ಉರಿಯುವುದೇ ಆ ಮೂರು ಅಂಗಡಿಗಳಿಂದ.

ಬಸವಕಲ್ಯಾಣದ ಅಬ್ದುಲ್ ಕರೀಂ ಚಾಚಾನದು ಒಂದೇ ಮಿಷಿನ್ನಿನ ಅಂಗಡಿ. "ಚಾಚಾ, ನಿಮ್ದು ಕಡೀಗೆ" ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಕುಲ್ಸುಮ್ ಬೀ ಮಂಠಾಳ ಹಳ್ಳಿಯ ಬಸ್ಸಿಳಿದು ಒಳಗೆ ಬಂದಳು. ಕೂತವಳೇ ಚೀಲದಿಂದ ಗಂಟು ಗಂಟಾದ ದಾರಗಳನ್ನು ತೆಗೆದಳು.

"ಇವೇನ್ರಿ ಖಾಲಾ?"

"ಅಳತಿ, ಬೇಟಿ. ಹೆಣ್ಮಕ್ಕಳು ಅಂಗಡಿಗೆ ಬರಂಗಿಲ್ಲ, ನಾನೇ ಅವರ ಮನಿಗೆ ಹೋಗ್ತೀನಿ. ಪಡಸಾಲ್ಯಾಗ ಗಂಡಸರು ಕುಂತಿರ್ತಾರ. ಎದಿ ಇಷ್ಟು, ಸೊಂಟ ಇಷ್ಟು ಅಂತ ಹ್ಯಾಂಗ ಒದರೋದು? ಅದಕ್ಕ ಗಂಟು ಹಾಕ್ಕೊಂಡು ಬರ್ತೀನಿ. ದಾರ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಮುದುಕಿ ಒಂದೊಂದೇ ದಾರವನ್ನು ಅಳತೆಪಟ್ಟಿಯ ಮೇಲೆ ಎಳೆದು ಹಿಡಿದು, ಒಂದೇ ಬೆರಳಿನಿಂದ ಕಂಪ್ಯೂಟರಿನಲ್ಲಿ ಅಂಕಿ ಒತ್ತತೊಡಗಿದಳು. ಫರ್ಹೀನ್ ಆ ಗಂಟುಗಳನ್ನೇ ನೋಡಿದಳು. ಒಂದೂರಿನ ಹೆಣ್ಣುಮಕ್ಕಳ ಮಾನವೆಲ್ಲ ಈ ಹತ್ತಿದಾರದಲ್ಲಿ ಜೋಪಾನವಾಗಿ ಬಸ್ಸು ಹತ್ತಿ ಬಂದಿದೆ! ತನ್ನ ಕೆಲಸ ಇಂಥ ಕೈಗಳಲ್ಲಿದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮಹಾರುದ್ರಪ್ಪನಿಗೆ ವೆಬ್ಬು ಒಂದು ಅನುಕೂಲ, ಅಷ್ಟೇ. ಈಕೆಗೆ ಹಾಗಲ್ಲ; ಫೋನಿನಲ್ಲಿ ತೆರೆದರೆ ಆ ಮನೆಗಳಲ್ಲೇ ಬಾಯಿ ಬಿಡದೆ ಅಂಕಿ ಒತ್ತಬಹುದು.

"ಖಾಲಾ, ಎಲ್ಲಾರಕಿಂತ ಮೊದಲ ನಿಮ್ದೇ ಮಾಡ್ತೀನಿ" ಎಂದಳು. ಅಂದಮೇಲೆ ಮಹಾರುದ್ರಪ್ಪನ ಮಾತು ನೆನಪಾಯಿತು.

ವಾರೊಪ್ಪತ್ತಿನಲ್ಲಿ ಕೆಲಸ ಮುಗಿಯಿತು. ಕುಲ್ಸುಮ್ ಬೀ ಫೋನು ಹಿಡಿದು ಮಂಠಾಳಕ್ಕೆ ಹೋದಳು. ಫರ್ಹೀನ್ ಚಾಚಾನ ಪಕ್ಕದಲ್ಲಿ ಪರದೆ ನೋಡುತ್ತ ಕೂತಳು. ಸದ್ದಿಲ್ಲದೆ ಅಂಕಿಗಳು ಮೂಡತೊಡಗಿದವು. ಭುಜ. ಎದೆ. ತೋಳು.

"ಸುಬ್ಹಾನಲ್ಲಾ! ಒಂದು ಮಾತಿಲ್ಲ, ಕತಿಯಿಲ್ಲ" ಎಂದ ಚಾಚಾ.

ಕೊನೆಗೆ ಹೆಸರು ಬಂತು: ಕುಲ್ಸುಮ್.

ಚಾಚಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಲಗ್ನ ಆದಾಗಿಂದ ಹಳೇ ಕುರ್ತಾ ನೋಡೇ ಆಕೀದು ಹೊಲ್ಯಾಕತ್ತೇನಿ, ಬೇಟಿ. ನಾಚಿಕಿ. ನನಗೂ ಒಮ್ಮೆನೂ ಅಳತಿ ಹೇಳಿಲ್ಲ."

ಅವನು ಎದ್ದು, ಕಪಾಟಿನಿಂದ ಎಲ್ಲಕ್ಕಿಂತ ಚಲೋ ಹಸಿರು ಬಟ್ಟೆ ತೆಗೆದು ಹಾಸಿದ.

ಅಷ್ಟರಲ್ಲಿ ಮಹಾರುದ್ರಪ್ಪನ ಫೋನು. "ನಮಗಿಂತ ಮೊದಲ ಯಾರ್ದು ಮಾಡೀದಿ? ಅಷ್ಟು ದೊಡ್ಡ ಗಿರಾಕಿ ಯಾರು?"

ಮೂರು ಅಂಗಡಿ ಕೈಬಿಟ್ಟರೂ ಬಿಡಲಿ ಎನಿಸಿತು ಅವಳಿಗೆ.

"ಸ್ವಲ್ಪ ತಡೀರಿ, ಸಾವಕಾರ್ರ," ಎಂದಳು ಮೆಲ್ಲಗೆ, "ಚಾಚಾ ಕತ್ತರಿ ಹಾಕಾಕತ್ತಾರ."