ಬೇಲಿಯ ಮೇಲಿನ ಎರಡು ಟ್ಯೂಬುಗಳು

"ಒತ್ತು, ಹೆಬ್ಬೆರಳಿಂದ ಒತ್ತಿ ನೋಡು! ಹೆಂಗಿದೆ?"

ಬೇಲಿಗೆ ನೇತುಹಾಕಿದ್ದ ಎರಡು ಟ್ಯೂಬುಗಳಲ್ಲಿ ಹಳೆಯದರತ್ತ ಮುದುಕ ಕಲ್ಮುರ್ಜಾ ನೆರೆಮನೆಯ ದೋರನ್‌ಬೆಕ್‌ನನ್ನು ತಳ್ಳಿದ. ದೋರನ್‌ಬೆಕ್ ಒತ್ತಿದ. ಕಲ್ಲಿನಂತಿತ್ತು. ಪಕ್ಕದಲ್ಲಿದ್ದ ಬಜಾರಿನ ಹೊಸ ಟ್ಯೂಬು ಬೆರಳಿಟ್ಟರೆ ಒಳಕ್ಕೆ ಹೋಯಿತು.

"ಹಳೇದೇ ಗೆದ್ದಿತಲ್ಲೋ! ಕದ್ದು ಗಾಳಿ ಹೊಡೆದೆ ತಾನೆ?"

"ನನ್ನ ಸೊಸೇನ ಕೇಳು. ಯಾರೂ ವಾಲ್ವು ಮುಟ್ಟಬಾರ್ದು ಅಂತ ಎರಡಕ್ಕೂ ಕೆಂಪು ದಾರ ಕಟ್ಟಿದೋಳು ಅವಳೇ."

ರಸ್ತೆಬದಿಯಲ್ಲಿ ಟೈರು ರಿಪೇರಿ ಅಂಗಡಿ ನಡೆಸುವ ಸೊಸೆ ಸಾಲ್ಕಿನ್ ವಾಲ್ವುಗಳ ಗಂಟು ನೋಡಿದಳು. ತಾನು ಕಟ್ಟಿದಂತೆಯೇ ಇತ್ತು.

ಪ್ರತಿ ಬೇಸಿಗೆಯಲ್ಲೂ ಕಲ್ಮುರ್ಜಾ ಪಕ್ಕಗಾಡಿಯಿರುವ ತನ್ನ ಮೋಟಾರ್ ಸೈಕಲ್ಲಿನಲ್ಲಿ ಘಟ್ಟ ದಾಟಿ, ಕುದುರೆಗಳೊಂದಿಗೆ ಮೇಲಿನ ಹುಲ್ಲುಗಾವಲಿನಲ್ಲಿರುವ ಹೆಂಡತಿಯ ಬಳಿಗೆ ಹೋಗುತ್ತಿದ್ದ. ಹೋದ ಸಲ ಗಾಡಿಯನ್ನು ಹಳ್ಳಕ್ಕೆ ಇಳಿಸಿದ್ದ. ಈ ಸಲ ತಾನೇ ಓಡಿಸುತ್ತೇನೆಂದು ಸೊಸೆ ಹಟ ಹಿಡಿದಳು. ಮುಂದಿನ ಚಕ್ರಕ್ಕೆ ಹೊಸ ಟ್ಯೂಬೂ ತಂದಳು. ಮುದುಕನೋ, ಗಾಳಿ ತುಂಬಿಕೊಂಡೇ ಕೊಟ್ಟಿಗೆಯ ಮೊಳೆಯಲ್ಲಿ ವರ್ಷಗಟ್ಟಲೆ ನೇತಾಡಿದ್ದ ಟ್ಯೂಬನ್ನು ಇಳಿಸಿದ. ಯಾವುದು ಗಾಳಿ ಹಿಡಿದಿಡುತ್ತದೋ ಅದರ ಕಡೆಯವರೇ ಹ್ಯಾಂಡಲ್ ಹಿಡಿಯುವುದೆಂದು ಪಂದ್ಯವಾಯಿತು.

"ರಬ್ಬರು ಹಳೇದಾಗಿ ಗಟ್ಟಿಯಾದಂಗೆ ಗಾಳಿ ಹೊರಗೆ ಬಿಡೋದು ಕಮ್ಮಿ, ಮಾವಾ," ಎಂದಳು ಸಾಲ್ಕಿನ್. "ಗೆಲ್ಲುತ್ತೆ ಅಂತ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಪಂದ್ಯ ಕಟ್ದೆಯಾ?"

"ಚಕ್ರಕ್ಕೆ ಹಾಕಿ. ಆಮೇಲೆ ಮಾತಾಡೋಣ."

ಕಲ್ಮುರ್ಜಾ ವಾಲ್ವು ಬಿಚ್ಚಿದ. ಗಾಳಿ ಬುಸುಗುಟ್ಟಿ ಹೊರಗೆ ಬಂತು, ನಿಂತೂ ಹೋಯಿತು. ಟ್ಯೂಬು ಮಾತ್ರ ಕುಗ್ಗಲಿಲ್ಲ. ಇನ್ನೂ ತುಂಬಿಕೊಂಡೇ ಇರುವಂತೆ ದುಂಡಗೆ ನಿಂತಿತು. ಟೈರಿನೊಳಗೆ ತುರುಕಲೆಂದು ಬಗ್ಗಿಸಿದರೆ ಮೈಮೇಲೆ ಸಣ್ಣ ಸಣ್ಣ ಬಿರುಕುಗಳು ಮೂಡಿದವು. ಮೊಣಕಾಲೂರಿ ಒತ್ತಿದ, ಟ್ಯೂಬು ಬಗ್ಗಲಿಲ್ಲ.

"ಗಾಳಿ ಹೋದ್ರೂ ಬೀಗೋದು ಬಿಟ್ಟಿಲ್ಲ!" ದೋರನ್‌ಬೆಕ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಒಡಹುಟ್ಟಿದ ತಮ್ಮನೇ ಕಣೋ ಇದು!"

ಸಾಲ್ಕಿನ್ ನೆರೆಯವನ ಕೈಗೆ ಚಹಾ ಕೊಟ್ಟಳು. ಅವನು ಬಟ್ಟಲು ನೋಡಿದ. "ಅಂಚಿನವರೆಗೂ ತುಂಬಿಸಿದ್ದೀಯಾ? ಕೂತಿರಲಿ ಅನ್ನೋರಿಗೆ ತಳ ಮುಚ್ಚೋಷ್ಟೇ ಬಗ್ಗಿಸೋದು. ಹೊರಡು ಅಂತ ಬಾಯಲ್ಲೇ ಹೇಳಬಹುದಿತ್ತಲ್ಲಮ್ಮ!" ಆದರೂ ಪೂರ್ತಿ ಕುಡಿದೇ ಹೊರಟ.

ಅವಳು ಹೊಸ ಟ್ಯೂಬು ಹಾಕಿ, ಪಂಪನ್ನು ಪಕ್ಕಗಾಡಿಯಲ್ಲಿಟ್ಟು, ಕೀಲಿಯನ್ನು ಮಾವನ ಮುಂದೆ ಹಿಡಿದಳು.

"ತಗೊಳ್ಳಿ. ಪಂದ್ಯ ಗೆದ್ದೋರು ನೀವು."

ಮುದುಕ ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿದ. ತನ್ನ ಗಂಟುಗಟ್ಟಿದ ಬೆರಳುಗಳನ್ನು ಮಡಚಲು ನೋಡಿದ. ಆಮೇಲೆ ಕೀಲಿಯನ್ನು ಅವಳಿಗೇ ಮರಳಿಸಿ, ಹಳೆಯ ಟ್ಯೂಬನ್ನೆತ್ತಿ ಪಕ್ಕಗಾಡಿಯೊಳಗೆ ಮಲಗಿಸಿ, ಅದರ ಮೇಲೆ ಕೂತು, ಉಣ್ಣೆಯ ಟೋಪಿ ಸರಿಮಾಡಿಕೊಂಡ.

"ಗೆದ್ದೋನು ಆರಾಮಾಗಿ ಕೂತ್ಕೋತಾನೆ. ಸೋತೋಳು ಓಡಿಸು. ಹಳ್ಳ ನೋಡ್ಕೊಂಡು!"

ಘಟ್ಟದ ನೆತ್ತಿಯಲ್ಲಿ ಮುಂದಿನ ಚಕ್ರ ಮೆತ್ತಗಾಗಿತ್ತು. ಸಾಲ್ಕಿನ್ ಪಂಪು ಹೊಡೆದಳು. ಮುದುಕ ಕೂತಲ್ಲಿಂದಲೇ "ಹೊಡಿ, ಇನ್ನೂ ಹೊಡಿ" ಎಂದ. ಆಚೆ ಬದಿಯ ಹುಲ್ಲುಗಾವಲಿನಲ್ಲಿ ಬಿಳಿ ಗುಡಾರದಿಂದ ಹೊಗೆ ಏಳುತ್ತಿತ್ತು. ಅವಳು ಫ್ಲಾಸ್ಕಿನಿಂದ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಬಗ್ಗಿಸಿ ಕೊಟ್ಟಳು. ಮುದುಕ ಒಂದೇ ಗುಟುಕಿಗೆ ಮುಗಿಸಿ, ಬಟ್ಟಲನ್ನು ಮತ್ತೆ ಅವಳತ್ತ ಚಾಚಿದ.