ಸೀಟು ಗಟ್ಟಿಯಾದ ಹುಡುಗಿ

ಪುಟ್ಟಿಯ ಅಮ್ಮ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಸಹಾಯಕಿ. ಗಾಜಿನ ಕೊಳವೆಗಳನ್ನು ತೊಳೆದು ಬೋರಲು ಹಾಕುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಯಾರಾದರೂ ಕೈ ಸುಟ್ಟುಕೊಂಡರೆ ನಲ್ಲಿಯ ಕೆಳಗೆ ಹಿಡಿಸುವುದು ಅವರ ಕೆಲಸ. ಅಲ್ಲಿ ದುಡಿಯುವವರ ಮಕ್ಕಳಿಗೆ ಸೀಟು ಕೊಡುವ ರೂಢಿಯಿತ್ತು. ಹಾಗಾಗಿ ಶಾಲೆಯ ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ಪುಟ್ಟಿಯ ಮುಂದಿನ ದಾರಿ ಗೊತ್ತಾಗಿಹೋಗಿತ್ತು. ಮಗಳು ಪಾಸಾದರೆ ಸಾಕು, ಉಳಿದದ್ದು ನನಗೆ ಬಿಡಿ ಎಂದು ಪ್ರಾಂಶುಪಾಲರೇ ಹೇಳಿದ ದಿನ ಅಮ್ಮನ ಕಾಲು ನೆಲದ ಮೇಲಿರಲಿಲ್ಲ.

ತರಗತಿಯಲ್ಲಿ ಮಾತ್ರ ಪುಟ್ಟಿ ಒಂಟಿಯಾಗುತ್ತ ಬಂದಳು. ಉಳಿದವರು ಯಾವ ಕಾಲೇಜು, ಎಷ್ಟು ಅಂಕ, ಯಾವ ಹಾಸ್ಟೆಲು ಎಂದು ಗುಂಪುಗೂಡುತ್ತಿದ್ದರು. ಅವಳು ಹತ್ತಿರ ಹೋದರೆ ಮಾತು ಬದಲಾಗುತ್ತಿತ್ತು. ಹೊಟ್ಟೆಕಿಚ್ಚಿನಿಂದಲ್ಲ, ಊಟ ಮುಗಿಸಿದವಳ ಎದುರು ಹಸಿವಿನ ಮಾತು ಯಾಕೆ ಎಂಬಂತೆ.

ಒಂದು ಶನಿವಾರ ಗೆಳತಿ ಗುಬ್ಬಿಯ ಮನೆಯ ಮುಂದೆ ಹಾದುಹೋಗುವಾಗ ಮೆಟ್ಟಿಲ ಮೇಲೆ ಉಳಿದವರ ಚಪ್ಪಲಿಗಳೆಲ್ಲ ಕಂಡವು. ಯಾವುದು ಯಾರದೆಂದು ಅವಳಿಗೆ ನೋಡಿದರೇ ಗೊತ್ತು. ಗುಬ್ಬಿ ಎಂದರೆ ಬಾಯಿ ಮುಚ್ಚಲು ಬಾರದ ಹುಡುಗಿ, ಚಿಕ್ಕಂದಿನಿಂದ ಪುಟ್ಟಿಯ ಬೆಂಚಿನವಳು. ಸೋಮವಾರ ಅವಳೇ ತಲೆ ತಗ್ಗಿಸಿ ಹೇಳಿದಳು: "ಒಟ್ಟಿಗೆ ಓದೋಕೆ ಸೇರಿದ್ವಿ, ನಿನಗ್ಯಾಕೆ ಸುಮ್ನೆ ತಲೆನೋವು ಅಂತ ಕರೀಲಿಲ್ಲ ಕಣೇ."

ಆ ವಾರ ಕ್ಲಾಸ್ ಟೀಚರು ವಿಷಯಗಳನ್ನು ಆರಿಸಿಕೊಳ್ಳಲು ಒಬ್ಬೊಬ್ಬರನ್ನೇ ಕರೆದರು. ಪುಟ್ಟಿಗೆ ಚಿತ್ರಕಲೆ ಸೂಚಿಸಿದರು, ಈ ವರ್ಷ ಹಾಯಾಗಿರು ಎಂದರು. ಅವಳು ಹೆಚ್ಚುವರಿ ಗಣಿತ ಕೇಳಿದಳು. ಅದು ನಿನಗೆ ಬೇಕಾಗಿಯೇ ಇಲ್ಲವಲ್ಲ ಎಂದು ಟೀಚರು ಕನ್ನಡಕ ತೆಗೆದು ನೋಡಿದರು. ಸೀಟಿನ ಆತಂಕ ಹೊತ್ತ ಗೆಳತಿಯರೆಲ್ಲ ಕೂರುವುದು ಆ ಗಣಿತದ ಕೋಣೆಯಲ್ಲಿ ಎಂದು ಅವಳು ಹೇಳಲಿಲ್ಲ.

ಗಣಿತದ ಮೊದಲ ಕಿರುಪರೀಕ್ಷೆಯಲ್ಲಿ ಎಲ್ಲರೂ ನೆಲ ಕಚ್ಚಿದರು. ಒಬ್ಬರನ್ನೊಬ್ಬರು ಸಮಾಧಾನಪಡಿಸುತ್ತಿದ್ದಾಗ ಪುಟ್ಟಿಯೂ ತನ್ನ ಹಾಳೆ ಚಾಚಿದಳು.

"ನೀನ್ಯಾಕೆ ಮುಖ ಸಣ್ಣ ಮಾಡ್ತೀಯಾ?" ಎಂದಳು ಗುಬ್ಬಿ. "ಸೊನ್ನೆ ಬಂದ್ರೂ ನಿನಗೆ ನಡೆಯುತ್ತೆ."

ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಅಮ್ಮ ಆಮ್ಲಕ್ಕೆ ಬಿರಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಾಗ ಪುಟ್ಟಿ, ಬೇರೆ ಊರಿನ ಕಾಲೇಜಿಗೂ ಅರ್ಜಿ ಹಾಕಲೇ ಎಂದು ಕೇಳಿದಳು. ಅಮ್ಮನ ಕೈ ನಿಂತಿತು.

"ನಾನು ಅಲ್ಲಿ ಗಾಜು ತೊಳೀತೀನಿ ಅಂತಾನಾ?"

"ಅಲ್ಲಮ್ಮ. ಏನಾಗುತ್ತೋ ಅಂತ ನಾನೂ ಒಂದ್ಸಲ ಕಾಯ್ಬೇಕು."

ಅಮ್ಮನಿಗೆ ಅರ್ಥವಾಯಿತೋ ಇಲ್ಲವೋ, ಹಾಕು ಎಂದರು. ಕೆಲವು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಪುಟ್ಟಿ ಅಡುಗೆಮನೆಯ ಮೇಜಿನ ಮುಂದೆ ಒಬ್ಬಳೇ ಲೆಕ್ಕ ಬಿಡಿಸುತ್ತ ಕೂತಳು. ಗುಂಪು ಸೇರಲೆಂದು ಹಿಡಿದ ಗಣಿತ ಗುಂಪನ್ನು ಕೊಡಲಿಲ್ಲ; ಆದರೆ ವರ್ಷ ಅರ್ಧವಾಗುವಷ್ಟರಲ್ಲಿ ಅದೇ ಇಷ್ಟವಾಗತೊಡಗಿತ್ತು.

ಪರೀಕ್ಷೆ ಮುಗಿದು ಫಲಿತಾಂಶ ಬಂತು, ಪುಟ್ಟಿ ಪಾಸಾಗಿದ್ದಳು. ಗುಬ್ಬಿಗೆ ದೂರದ ಊರಿನಲ್ಲಿ ಸೀಟು ಸಿಕ್ಕಿತು. ಪುಟ್ಟಿ ಅರ್ಜಿ ಹಾಕಿದ್ದ ಕಾಲೇಜಿನ ಆಯ್ಕೆಯಲ್ಲಿ ಅವಳ ಹೆಸರಿರಲಿಲ್ಲ. ಗುಬ್ಬಿಗೆ ಹೇಳೋಣವೆಂದು ಹೋದರೆ ಅವಳ ಮನೆಗೆ ಬೀಗ ಹಾಕಿತ್ತು. ಎಲ್ಲರೂ ಹಾಸ್ಟೆಲು ನೋಡಲು ಹೋಗಿದ್ದಾರೆಂದು ಪಕ್ಕದ ಮನೆಯ ದರ್ಜಿ ಹೇಳಿದ.

ಪುಟ್ಟಿ ಮನೆಗೆ ಬಂದು ಅಮ್ಮನಿಗೆ ಹೇಳಿದಳು. ನಮ್ಮ ಕಾಲೇಜು ಇದೆಯಲ್ಲ ಎನ್ನುತ್ತಾರೆಂದು ಕಾದಳು. ಅಮ್ಮ ಹಾಗೆ ಹೇಳಲಿಲ್ಲ.

"ಬೇಜಾರಾಯ್ತಾ?" ಎಂದರು.

"ಆಯ್ತು."

ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.